ರೌಫ್ ಸಾಹೇಬರ ಹತ್ತು ಕೇಪು

ರೌಫ್ ಸಾಹೇಬರು ನನ್ನನ್ನು ಮೊದಲ ಸಲ ಬೈದದ್ದು ಹಿರೇಗುಂಟನೂರಿನ ಶಾಲೆಯ ಆಟದ ಬಯಲಿನಲ್ಲಿ. ಮೂವತ್ತು ವರ್ಷಗಳ ಹಿಂದಿನ ಮಾತು. ಹೋಬಳಿ ಮಟ್ಟದ ಕ್ರೀಡಾಕೂಟ ನಡೆದಿತ್ತು. ಓಟ ಆರಂಭಿಸುವ ಪಿಸ್ತೂಲು ನನ್ನ ಕೈಯಲ್ಲಿತ್ತು. ಮೂರು ಸಲ ಒತ್ತಿದೆ. ಮೂರು ಸಲವೂ ಅದರೊಳಗಿನ ಕೇಪು ಸಿಡಿಯಲಿಲ್ಲ. ಸುಣ್ಣದ ಗೆರೆಯ ಮೇಲೆ ಬಗ್ಗಿ ನಿಂತಿದ್ದ ಮಕ್ಕಳಲ್ಲಿ ಇಬ್ಬರು ಓಡಿಹೋಗಿ ತಿರುಗಿ ಬಂದರು, ಒಬ್ಬ ಅಳತೊಡಗಿದ. ಆ ಊರಿನ ಯಾರದೋ ಬಂದೂಕು ನೋಡಲು ಚಿತ್ರದುರ್ಗದಿಂದ ಬಂದಿದ್ದ ಒಬ್ಬ ಸಣಕಲು ಮನುಷ್ಯರು ಜನರನ್ನು ಸರಿಸಿಕೊಂಡು ನನ್ನ ಬಳಿಗೆ ಬಂದರು. ಕೇಪಿನ ಡಬ್ಬಿಯನ್ನು ಕೇಳದೆಯೇ ನನ್ನ ಜೇಬಿನಿಂದ ತೆಗೆದು ಬಿಸಿಲಿಗೆ ಹಿಡಿದರು.

“ಎಷ್ಟು ಹಾಕಿ ನೋಡಿದ್ರಿ ಮೇಷ್ಟ್ರೇ?”

ಒಂದನ್ನೂ ಹಾಕಿ ನೋಡಿಲ್ಲವೆಂದೆ.

“ಪಂಕ್ತಿ ಕೂರ್ಸೋಕೆ ಮುಂಚೆ ಸಾರು ರುಚಿ ನೋಡಲ್ವಾ ನಿಮ್ಮ ಮನ್ಯಾಗೆ? ಅಷ್ಟು ಮಕ್ಕಳನ್ನ ಬಗ್ಗಿಸಿ ನಿಲ್ಸೀರಿ, ಇದು ಹಸಿರು ಕಿಲುಬು ಹಿಡಿದೈತೆ ಅಂತ ನೋಡಾಕೆ ಕಣ್ಣಿಲ್ಲ.”

ತಮ್ಮ ಚೀಲದಿಂದ ಬೇರೊಂದು ಡಬ್ಬಿ ತೆಗೆದರು. ಓಟ ನಡೆಯಿತು. ಮಕ್ಕಳ ಎದುರಿಗೆ ಬೈಸಿಕೊಂಡ ನಾನು ಎರಡು ವರ್ಷ ಅವರ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದೆ. ಮುಂದೆ ನನಗೆ ಚಿತ್ರದುರ್ಗಕ್ಕೆ ವರ್ಗವಾಗಿ, ಅವರ ಅಂಗಡಿಯಿಂದ ಎರಡು ಬೀದಿ ಆಚೆ ಮನೆ ಸಿಕ್ಕಿ, ಅವರ ಮಗಳು ಯಾಸ್ಮಿನ್ ನನ್ನ ತರಗತಿಗೆ ಬಂದು ಕುಳಿತ ಮೇಲೆ ಸ್ನೇಹವಾಯಿತು. ನಿವೃತ್ತನಾದ ಮೇಲಂತೂ ಬೆಳಗಿನ ಪತ್ರಿಕೆಯನ್ನು ನಾನು ಓದುವುದು ಅವರ ಅಂಗಡಿಯ ಬೆಂಚಿನ ಮೇಲೆಯೇ.

ಅವರ ಕೆಲಸ ಬಂದೂಕು ರಿಪೇರಿ. ಬಂದೂಕೆಂದರೆ ಸಿನಿಮಾದವುಗಳಲ್ಲ. ನಮ್ಮ ಕಡೆಯ ರೈತರಿಗೆ ಬೆಳೆ ಕಾಯಲು ಸರ್ಕಾರ ಲೈಸೆನ್ಸ್ ಕೊಡುವ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕಾಲದವು. ಹಂದಿಯ ಹಿಂಡು ಶೇಂಗಾ ಹೊಲಕ್ಕೆ ನುಗ್ಗಿದಾಗ ಬರಿಯ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಾರೆ. ಸದ್ದಿಗೆ ಹಂದಿ ಓಡುತ್ತದೆ. ಈ ಬಂದೂಕಿನ ಹಿಂಬದಿಯಲ್ಲಿ ಉಗುರಿನುದ್ದದ ಒಂದು ಉಕ್ಕಿನ ಕೊಳವೆ ಇರುತ್ತದೆ. ಅದರ ತಲೆಗೆ ತಾಮ್ರದ ಪುಟ್ಟ ಟೋಪಿಯಂಥದನ್ನು ತೊಡಿಸಬೇಕು, ಅದೇ ಕೇಪು. ಕುದುರೆಯೆಂದು ಕರೆಯುವ ಸುತ್ತಿಗೆ ಬಂದು ಬಡಿದಾಗ ಕೇಪು ಸಿಡಿದು, ಅದರ ಕಿಡಿ ಕೊಳವೆಯ ತೂತಿನಲ್ಲಿ ಇಳಿದು ಮದ್ದನ್ನು ಮುಟ್ಟುತ್ತದೆ. ಕಿಡಿ ಗಟ್ಟಿಯಾಗಿದ್ದರೆ ಬಂದೂಕು ಆ ಕ್ಷಣವೇ ಕೂಗುತ್ತದೆ. ತೀರ ಸೋತಿದ್ದರೆ ಕೂಗುವುದೇ ಇಲ್ಲ. ಎರಡರ ನಡುವಿನದು ಕೆಟ್ಟದ್ದು. ಕಿಡಿ ಮದ್ದಿನ ಅಂಚಿನಲ್ಲಿ ಸದ್ದಿಲ್ಲದೆ ಕೂತಿದ್ದು, ಹಿಡಿದವರು ಹಾರಲಿಲ್ಲವೆಂದು ಬಂದೂಕು ಇಳಿಸಿದ ಮೇಲೆ ಏಳುತ್ತದೆ.

ಆದ್ದರಿಂದ ರೌಫ್ ಸಾಹೇಬರಿಗೆ ಕೇಪಿನ ವಿಷಯದಲ್ಲಿ ದಯೆ ದಾಕ್ಷಿಣ್ಯವಿರಲಿಲ್ಲ. ಕೇಪನ್ನು ಕೊಳವೆಗೆ ತೊಡಿಸಿ ಬಂದೂಕನ್ನು ತಲೆಕೆಳಗು ಮಾಡಿದಾಗ ಬೀಳಬಾರದು. ಹೆಬ್ಬೆರಳಿನಿಂದ ಅದುಮಿ ಕೂರಿಸುವಷ್ಟು ಬಿಗಿಯೂ ಆಗಬಾರದು. ಒಬ್ಬೊಬ್ಬರ ಬಂದೂಕಿನ ಕೊಳವೆ ಒಂದೊಂದು ದಪ್ಪ; ಅದಕ್ಕೆ ಒಪ್ಪುವ ಕೇಪನ್ನು ಆರಿಸಿ, ಡಬ್ಬಿಯ ಮೇಲೆ ಮೊಳೆಯಿಂದ ಒಡೆಯನ ಹೆಸರು ಗೀಚಿ ಕೊಡುತ್ತಿದ್ದರು. ಡಬ್ಬಿ ಯಾವ ಅಂಗಡಿಯದೇ ಆಗಲಿ, ಅದರಲ್ಲಿ ಹತ್ತನ್ನು ಸಿಡಿಸಿ ನೋಡದೆ ಬಿಡುತ್ತಿರಲಿಲ್ಲ. ತಟ್ಟೆಯಲ್ಲಿ ಒಲೆಯ ಬೂದಿ ಹರಡಿ, ಅದರ ಮೇಲೆ ಗೇಣಿನಷ್ಟು ಎತ್ತರದಲ್ಲಿ ಖಾಲಿ ಬಂದೂಕಿನ ಬಾಯಿ ಹಿಡಿದು ಬರಿಯ ಕೇಪನ್ನು ಸಿಡಿಸುವರು. ನಳಿಗೆಯುದ್ದ ಹಾದುಬಂದ ಗಾಳಿ ಬೂದಿಯಲ್ಲಿ ರೂಪಾಯಿಯಗಲದ ಗುಳಿ ತೋಡಿದರೆ ಕೇಪೂ ಸರಿ, ಕೊಳವೆಯ ದಾರಿಯೂ ಸರಿ. ಹತ್ತರಲ್ಲಿ ಒಂದು ಸೋತರೂ ಡಬ್ಬಿಯನ್ನೇ ವಾಪಸು ಕಳುಹಿಸುವರು. ಬಂದೂಕು ರಿಪೇರಿಯಾಗಿ ಹೊರಡುವ ಮುನ್ನವೂ ಇದೇ ಪರೀಕ್ಷೆ. ಬೆವರಿನ ಸೆರಗಿನಲ್ಲಿ ಕೇಪು ಕಟ್ಟಿಕೊಂಡು ತಿರುಗುವ ಹೆಂಗಸರಿಗೂ, ಎಲೆಯಡಿಕೆಯ ಸುಣ್ಣದ ಡಬ್ಬಿಯಲ್ಲಿ ಕೇಪು ಇಡುವ ಮುದುಕರಿಗೂ ಅವರ ಬೈಗುಳ ಸಮನಾಗಿ ಹಂಚಿಕೆಯಾಗುತ್ತಿತ್ತು. ಮತ್ತೋಡಿನ ಚಿತ್ತಪ್ಪನೆಂಬ ರೈತ ಒಮ್ಮೆ ಹೇಳಿದ್ದ: “ಸಾಬ್ರು ಬೈದ್ರೆ ಬಂದೂಕು ಸರಿಹೋಗೈತೆ ಅಂತ ಅರ್ಥ. ಸುಮ್ನೆ ಕೊಟ್ರೆ ಒಂದ್ಸಲ ಅನುಮಾನ ಪಡ್ಬೇಕು.”

ಇಂಥವರ ಬಾಳಿನಲ್ಲಿ ಕಳೆದ ವರ್ಷದ ದಸರಾ ಆದ ಮೇಲೆ ನಡೆದದ್ದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ.

ಧರ್ಮಪುರದ ಹತ್ತಿರದ ಹಳ್ಳಿಯ ಹುಚ್ಚಕ್ಕನಿಗೆ ಅರವತ್ತರ ಹತ್ತಿರ ವಯಸ್ಸು. ಮೂವತ್ತು ಕುರಿ, ಐದು ಎಕರೆ ಶೇಂಗಾ. ಗಂಡ ಕಾಟಲಿಂಗಪ್ಪ ತೀರಿಕೊಂಡ ಮೇಲೆ ಬಂದೂಕಿನ ಲೈಸೆನ್ಸನ್ನು ಹಟ ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡವಳು. ಕುದುರೆಯ ಸ್ಪ್ರಿಂಗ್ ಸಡಿಲವಾಗಿದೆಯೆಂದು ದಸರೆಗೆ ಎರಡು ವಾರ ಮುಂಚೆ ಬಂದೂಕನ್ನು ರೌಫ್ ಸಾಹೇಬರಿಗೆ ಕೊಟ್ಟುಹೋಗಿದ್ದಳು. ಹಬ್ಬವಾದ ಮೂರನೆಯ ದಿನ ಬಂದು ತೆಗೆದುಕೊಂಡು ಹೋದಳು. ಅದಾಗಿ ಐದು ದಿನಕ್ಕೆ, ಕಿತ್ತು ರಾಶಿ ಹಾಕಿದ್ದ ಶೇಂಗಾ ಬಳ್ಳಿಗೆ ಹೊತ್ತು ಮುಳುಗುವಾಗ ಹಂದಿಗಳು ಬಿದ್ದವು. ಆಕೆ ಮದ್ದು ತುಂಬಿ, ಕೇಪು ತೊಡಿಸಿ, ಆಕಾಶಕ್ಕೆ ಹಿಡಿದು ಒತ್ತಿದಳು. ಕೇಪು ಚಟ್ಟೆಂದಿತು, ಬಂದೂಕು ಕೂಗಲಿಲ್ಲ. ಹಾಗಾದಾಗ ಅರವತ್ತು ಎಣಿಸುವ ತನಕ ಬಾಯಿ ಮೇಲಕ್ಕೇ ಇರಬೇಕೆಂದು ಸಾಹೇಬರು ಎಲ್ಲರಿಗೂ ಹೇಳಿದ್ದರು. ಆದರೆ ಮರಿಗಳೊಂದಿಗಿದ್ದ ದೊಡ್ಡ ಹಂದಿ ಹತ್ತು ಮಾರಿನಲ್ಲಿತ್ತು. ಆಕೆ ಬಂದೂಕು ಇಳಿಸಿ ಬದುವಿಗೆ ಒರಗಿಸಲು ಎಡಗೈಯಿಂದ ನಳಿಗೆಯ ತುದಿ ಹಿಡಿದಳು. ಅಷ್ಟರಲ್ಲಿ ಅದು ಎದ್ದಿತು. ತೋರುಬೆರಳೂ ನಡುಬೆರಳೂ ಹೋದವು.

ಸುದ್ದಿ ಬಂದಾಗ ನಾನು ಅಂಗಡಿಯ ಬೆಂಚಿನ ಮೇಲಿದ್ದೆ. ರೌಫ್ ಸಾಹೇಬರು ಅರ್ಧ ಕೇಳಿಸಿಕೊಂಡು ಕೇಳಿದ್ದು ಒಂದೇ: ಕೇಪು ಯಾರ ಅಂಗಡಿಯದು? ಹಿರಿಯೂರಿನ ಚೇತನ್‌ಕುಮಾರನ ಅಂಗಡಿಯದೆಂದು ಗೊತ್ತಾದೊಡನೆ ಅವರ ಕಿವಿಯ ತುದಿ ಕೆಂಪಾಯಿತು. ಚೇತನ್‌ಕುಮಾರ ಲೈಸೆನ್ಸ್ ಪಡೆದು ಕೇಪು, ಮದ್ದು ಮಾರುವ ಹೊಸ ವ್ಯಾಪಾರಿ. ಬೇಸಿಗೆಯಲ್ಲಿ ಅವನಿಂದ ಬಂದ ಒಂದು ಡಬ್ಬಿಯಲ್ಲಿ ಹತ್ತಕ್ಕೆ ಎರಡು ಸೋತಿದ್ದವು. ಅಂದಿನಿಂದ ಸಾಹೇಬರು ಬಂದವರಿಗೆಲ್ಲ ಅವನ ಕೇಪು ಮುಟ್ಟಬೇಡಿರೆಂದು ಸಾರುತ್ತಿದ್ದರು. ಈಗ ಇನ್ನೇನು ಬೇಕಿತ್ತು? ಅಂದೇ ಬಸ್ಸು ಹತ್ತಿದರು. ಅವರ ನಾಲಗೆಯ ಭಯದಿಂದ ನಾನೂ ಜೊತೆಗೆ ಹೋದೆ.

ಅಂಗಡಿಯ ಮುಂದೆ ನಿಂತು ಅವರು ಆಡಿದ ಮಾತುಗಳಲ್ಲಿ ಇಲ್ಲಿ ಬರೆಯಬಹುದಾದವು ಕಡಿಮೆ. ಕಾಸಿಗಾಗಿ ಹೆಂಗಸಿನ ಕೈ ತಿಂದವನೆಂದರು; ನಿನ್ನ ಅಂಗಡಿಗೆ ಬೀಗ ಹಾಕಿಸದೆ ಬಿಡುವುದಿಲ್ಲವೆಂದರು. ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ಚೇತನ್‌ಕುಮಾರ ಬಹಳ ಹೊತ್ತು ತಾಳಿಕೊಂಡ. ಆಮೇಲೆ ಮೆಟ್ಟಿಲಿಳಿದು ಬಂದ.

“ಸಾಬ್ರೆ, ವಯಸ್ಸಿಗೆ ಬೆಲೆ ಕೊಟ್ಟು ಸುಮ್ನಿದೀನಿ. ಆ ಕೆಟ್ಟ ಲಾಟು ಬೇಸಿಗೇಲೇ ವಾಪಸ್ ಕಳ್ಸಿದೀನಿ. ಇದು ಬ್ಯಾರೆ ಲಾಟು. ಕೆಟ್ಟೈತೆ ಅಂದ್ರೆ ಇನ್ಸ್‌ಪೆಕ್ಟ್ರ ಮುಂದೆ ತೋರ್ಸ್ರಿ.”

“ತೋರಿಸ್ತೀನಿ. ಹತ್ತು ಹಾಕಿ ತೋರಿಸ್ತೀನಿ.”

“ಹತ್ತೂ ಹಾರಿದ್ರೆ?”

ರೌಫ್ ಸಾಹೇಬರು ಆಗಲೇ ಬಸ್ಸಿನ ಕಡೆಗೆ ಹೊರಟಿದ್ದರು. ಹಾರುವುದಿಲ್ಲವೆಂಬುದು ಅವರಿಗೆ ಅಷ್ಟು ನಿಶ್ಚಯವಾಗಿತ್ತು.

ಮುಂದಿನ ಮೂರು ವಾರ ಊರು ಹೇಗಿತ್ತೆಂದರೆ, ಇಷ್ಟು ವರ್ಷ ನಾನು ಯಾರಿಗೆ ಪಾಠ ಹೇಳಿದೆನೋ ಎಂಬ ಸಂಶಯ ನನಗೆ ಹುಟ್ಟಿತು. ಮೊಬೈಲಿನ ಗುಂಪುಗಳಲ್ಲಿ ಒಬ್ಬ, ಬಂದೂಕನ್ನು ಯಾರ ಕೈಗೆ ಕೊಟ್ಟಿದ್ದರು ನೋಡಿ ಎಂದು ಬರೆದ. ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದ. ಇನ್ನೊಂದು ಗುಂಪಿನವರು, ಬಡ ಸಾಬರನ್ನು ಸಿಕ್ಕಿಸಲು ವ್ಯಾಪಾರಿ ಮಾಡಿದ ಮಸಲತ್ತೆಂದು ಬರೆದರು. ಬೆರಳು ಕಳೆದುಕೊಂಡ ಹೆಂಗಸಿನ ಹೆಸರನ್ನು ಎರಡು ಗುಂಪಿನವರೂ ತಪ್ಪಾಗಿ ಬರೆದಿದ್ದರು. ಆಕೆ ಆಗ ಹಿರಿಯೂರಿನ ಆಸ್ಪತ್ರೆಯ ಮಂಚದ ಮೇಲೆ, ಉಣ್ಣೆ ನೂಲುವ ಕೈಗೆ ಇನ್ನೇನು ಉಳಿದಿದೆಯೆಂದು ನೋಡುತ್ತ ಮಲಗಿದ್ದಳು. ಕದಿರಿಗೆ ಉಣ್ಣೆಯ ಎಳೆ ಬಿಡುವುದು ಆ ಎರಡು ಬೆರಳುಗಳೇ.

ಆಕೆಯ ತಮ್ಮನ ಮಗ ಬಾಲರಾಜು ದೂರು ಕೊಟ್ಟಿದ್ದ. ಪೊಲೀಸರು ಬಂದೂಕನ್ನೂ ಕೇಪಿನ ಡಬ್ಬಿಯನ್ನೂ ತೆಗೆದುಕೊಂಡು ಹೋದರು. ರೌಫ್ ಸಾಹೇಬರ ರಿಪೇರಿ ಲೈಸೆನ್ಸಿನ ನವೀಕರಣದ ಅರ್ಜಿಯೂ ಅದೇ ಹೊತ್ತಿಗೆ ಕಚೇರಿಯ ಮೇಜಿನ ಮೇಲಿತ್ತು. ತನಿಖೆ ಮುಗಿಯುವ ತನಕ ಅದು ಅಲುಗದೆಂದರು. ರಿಪೇರಿಯಲ್ಲಿ ತಪ್ಪಿದೆಯೆಂದು ವರದಿಯಾದರೆ ಆ ಕಾಗದ ಮತ್ತೆ ಬರುವುದಿಲ್ಲ. ಪಾಳೆಯಗಾರರ ಕಾಲದಲ್ಲಿ ಈ ಊರಿಗೆ ಬಂದು ನೆಲೆನಿಂತ ಕಮ್ಮಾರರ ಮನೆತನ ಅವರದು. ಕಾಗದ ಹೋದರೆ ಮರುದಿನದಿಂದ ಒಂದು ತಿರುಪನ್ನೂ ಅವರು ಮುಟ್ಟುವ ಹಾಗಿಲ್ಲ.

ಪರೀಕ್ಷೆಗೆ ಒಂದು ದಿನ ಗೊತ್ತಾಯಿತು. ಚಿತ್ರದುರ್ಗದಲ್ಲಿ, ಪೊಲೀಸರ ಆಯುಧ ಇಡುವ ಕಟ್ಟಡದ ಹಿಂದಿನ ಅಂಗಳ. ಪರೀಕ್ಷೆ ಮಾಡುವವರು ಅಲ್ಲಿನ ಆಯುಧ ರಿಪೇರಿಯ ಉಗ್ರಪ್ಪ. ಹೆಸರಿಗೆ ವಿರುದ್ಧವಾದ ಸಾವಧಾನದ ಮನುಷ್ಯ. ಇನ್ಸ್‌ಪೆಕ್ಟರು ಕುರ್ಚಿಯಲ್ಲಿದ್ದರು. ಚೇತನ್‌ಕುಮಾರ ಒಂದು ಕಡೆ. ಕೈಗೆ ಬಟ್ಟೆ ಸುತ್ತಿಕೊಂಡ ಹುಚ್ಚಕ್ಕ, ಬಾಲರಾಜು ಇನ್ನೊಂದು ಕಡೆ. ಸಾಹೇಬರ ಜೊತೆಗೆ ನಾನು. ಹೇಗೆ ಪರೀಕ್ಷಿಸಬೇಕೆಂದು ಉಗ್ರಪ್ಪ ಕೇಳಿದಾಗ ಸಾಹೇಬರು ತಮ್ಮ ಬೂದಿಯ ವಿಧಾನವನ್ನೇ ಹೇಳಿದರು. ಉಗ್ರಪ್ಪ ಒಪ್ಪಿ, ಕ್ಯಾಂಟೀನಿನ ಒಲೆಯಿಂದ ಬೂದಿ ತರಿಸಿದರು. ಮೊದಲು ಕೇಪನ್ನು ನೋಡೋಣ, ಬಂದೂಕು ಆಮೇಲೆ ಎಂದು ತಮ್ಮ ಉಗ್ರಾಣದ ಒಂದು ಒಳ್ಳೆಯ ಬಂದೂಕು ತಂದರು.

ಹುಚ್ಚಕ್ಕನ ಡಬ್ಬಿಯಿಂದ ಮೊದಲ ಕೇಪು. ಬೂದಿಯಲ್ಲಿ ರೂಪಾಯಿಯಗಲದ ಗುಳಿ. ಎರಡನೆಯದು ಹಾಗೆಯೇ. ಐದಾಗುವಷ್ಟರಲ್ಲಿ ರೌಫ್ ಸಾಹೇಬರು ತಟ್ಟೆಯ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹತ್ತೂ ಹಾರಿದವು, ಒಂದಕ್ಕಿಂತ ಒಂದು ಗಟ್ಟಿ. ಇನ್ನೂ ಹತ್ತು ಹಾಕಿರೆಂದರು. ಅವೂ ಹಾರಿದವು. ಡಬ್ಬಿಯನ್ನು ಇಸಿದುಕೊಂಡು ಒಂದೊಂದೇ ಕೇಪನ್ನು ಬಿಸಿಲಿಗೆ ಹಿಡಿದು ನೋಡಿದರು. ಹಸಿರಿಲ್ಲ, ಅಂಚು ಸೊಟ್ಟಗಿಲ್ಲ. ಚೇತನ್‌ಕುಮಾರ ಮೊಬೈಲು ತೆಗೆದು ತಟ್ಟೆಯ ಒಂದು ಚಿತ್ರ ಹಿಡಿದುಕೊಂಡ.

ಬಳಿಕ ಹುಚ್ಚಕ್ಕನ ಬಂದೂಕು. ಅದೇ ಡಬ್ಬಿಯ ಕೇಪು. ಬೂದಿ ಹಾರಲಿಲ್ಲ, ಅಲುಗಿತು ಅಷ್ಟೆ. ಉಗ್ರಪ್ಪ ಕೊಳವೆಯನ್ನು ತಿರುಪಿ ಬಿಚ್ಚಿದರು. ಅದರ ಬುಡದ ದಾರಿಯಲ್ಲಿ, ಸುಟ್ಟ ಮದ್ದಿನ ಮಸಿಯ ಕೆಳಗೆ, ಎಣ್ಣೆ ಹೀರಿ ಗಟ್ಟಿಯಾದ ಇನ್ನೊಂದು ಪದರವಿತ್ತು. ತಂತಿಯಿಂದ ಕೆರೆದು ಬಿಳಿಯ ಕಾಗದದ ಮೇಲೆ ಉದುರಿಸಿದರು. ಹೊರಮೈ ಕಪ್ಪು, ಒಳಗೆ ಕೆಂಪು. ನಡುವೆ ಹಳದಿಯ ಚುಕ್ಕೆ. ರೌಫ್ ಸಾಹೇಬರು ಅದನ್ನು ಉಗುರಿನ ಮೇಲೆ ತೆಗೆದುಕೊಂಡು ಮೂಸಿ ನೋಡಿದರು. ಮತ್ತೊಮ್ಮೆ ಮೂಸಿದರು.

ಉಗ್ರಪ್ಪ ಹೇಳಿದರು: “ಅರಿಶಿನ ಕುಂಕುಮ, ಸಾರ್. ಆಯುಧ ಪೂಜೇಲಿ ಹಚ್ಚೋದು. ಎಣ್ಣೇಲಿ ಕಲಸಿ ಹಚ್ಚಿದ್ರೆ ತೂತಿನಾಗೆ ಇಳೀತದೆ. ಎಲ್ಲಾ ಊರಾಗೂ ಮಾಡ್ತಾರೆ. ಆ ಯಮ್ಮನೂ ಮಾಡಿರ್ತಾಳೆ.”

ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು. ಕೇಪು ಚೆನ್ನಾಗಿದೆ, ರಿಪೇರಿಯ ಸ್ಪ್ರಿಂಗ್ ಚೆನ್ನಾಗಿದೆ, ಮಾಲೀಕಳು ಪೂಜೆ ಮಾಡಿ ಕೊಳವೆ ಕಟ್ಟಿಸಿದ್ದಾಳೆ, ಸಾಲದ್ದಕ್ಕೆ ಹಾರದ ಬಂದೂಕಿನ ಬಾಯಿಗೆ ಕೈ ಕೊಟ್ಟಿದ್ದಾಳೆ. ಊಟದ ನಂತರ ಎಲ್ಲರೂ ಬಂದು ಸಹಿ ಹಾಕಿರೆಂದು ಎದ್ದರು. ಬಂದೂಕಿನ ಲೈಸೆನ್ಸು ರದ್ದಾಗುತ್ತದಮ್ಮ ಎಂದು ಹುಚ್ಚಕ್ಕನಿಗೆ ಹೋಗುತ್ತ ಹೋಗುತ್ತ ತಿಳಿಸಿದರು. ಆಕೆ ಉಗ್ರಪ್ಪನ ಕಾಗದವನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಬಾಲರಾಜು ತೋಳು ಹಿಡಿದು ಆಚೆಗೆ ಕರೆದುಕೊಂಡು ಹೋದ.

ಹೊಂಗೆಯ ಮರದ ಕೆಳಗೆ ರೌಫ್ ಸಾಹೇಬರು ಸಂಗತಿಯನ್ನು ನನಗೆ ಹೇಳಿದರು. ಆಯುಧ ಪೂಜೆಯ ದಿನ ಆ ಬಂದೂಕು ಇದ್ದದ್ದು ಹುಚ್ಚಕ್ಕನ ಮನೆಯಲ್ಲಲ್ಲ, ಇವರ ಅಂಗಡಿಯಲ್ಲಿ. ಹಬ್ಬದ ಹೊತ್ತಿಗೆ ರಿಪೇರಿಗೆ ಉಳಿದ ಬಂದೂಕುಗಳಿಗೆ ಪೂಜೆ ತಪ್ಪಬಾರದೆಂದು ಒಡೆಯರು ಕೇಳಿಕೊಳ್ಳುವುದು, ಅಂಗಡಿಯವರು ನಡೆಸಿಕೊಡುವುದು ಅವರ ಅಜ್ಜನ ಕಾಲದಿಂದ ಬಂದ ಪದ್ಧತಿ. ಒಳಗೆ ಚಾಪೆ ಹಾಸಿ, ಬಂದೂಕುಗಳನ್ನು ಸಾಲಾಗಿ ಮಲಗಿಸಿ, ಚೆಂಡುಹೂವು ಇಟ್ಟು, ಅರಿಶಿನ ಕುಂಕುಮ ಹಚ್ಚುವವರು ಮನೆಯ ಹೆಂಗಸರು: ಮೊದಲು ಸಾಹೇಬರ ತಾಯಿ, ಈಗ ಹೆಂಡತಿ ಕರೀಮುನ್ನೀಸಾ. ಆ ವರ್ಷ ಹುಚ್ಚಕ್ಕ ಫೋನು ಮಾಡಿ, ಗಂಡ ಹೋದ ಮೇಲೆ ಮೊದಲನೆಯ ಹಬ್ಬ, ಚೆನ್ನಾಗಿ ಹಚ್ಚಿಸ್ರಿ ಎಂದಿದ್ದಳು. ಒಣ ಕುಂಕುಮ ಕಬ್ಬಿಣಕ್ಕೆ ನಿಲ್ಲುವುದಿಲ್ಲವೆಂದು ಕರೀಮುನ್ನೀಸಾ ಎಣ್ಣೆಯಲ್ಲಿ ಕಲಸಿದ್ದರು. ಬಂದೂಕಿಗೆ ಹಣೆಯೆಂದು ತೋರುವ ಜಾಗ ಕುದುರೆಯ ಕೆಳಗಿನ ಆ ಕೊಳವೆಯೇ.

“ಹಬ್ಬಕ್ಕೆ ನಾಕು ದಿನ ಮುಂಚೆ ಹತ್ತು ಕೇಪು ಹಾಕಿ ನೋಡಿದ್ದೆ,” ಎಂದರು. “ಹತ್ತೂ ಸರಿ ಇದ್ವು. ಆಕಿ ಬಂದ ದಿನ ಮತ್ತೆ ಹಾಕ್ಲಿಲ್ಲ. ಬಟ್ಟೇಲಿ ಒರೆಸಿ ಕೊಟ್ಟೆ. ಆಗಲೇ ನೋಡಾಗಿದೆಯಲ್ಲ ಅಂದ್ಕೊಂಡೆ.”

ನಾನು ಆಗ ಹೇಳಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ; ಆದರೂ ಬರೆಯಬೇಕು. ಸುಮ್ಮನಿದ್ದುಬಿಡಿ ಎಂದೆ. ನಿಮ್ಮನ್ನು ಯಾರೂ ಕೇಳಲಿಲ್ಲ, ಲೈಸೆನ್ಸು ಉಳಿಯುತ್ತದೆ. ಕುಂಕುಮದ ಮಾತು ಹೊರಗೆ ಬಂದರೆ ಆ ಮೊಬೈಲಿನ ಗುಂಪುಗಳು ಎರಡೂ ಕಡೆಯಿಂದ ನಿಮ್ಮ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತವೆ. ಹುಚ್ಚಕ್ಕನಿಗೆ ನಾವು ಬೇರೆ ರೀತಿಯಲ್ಲಿ ಸಹಾಯ ಮಾಡೋಣ. ಹೀಗೆಲ್ಲ ಮೃದುವಾಗಿ, ತರಗತಿಯಲ್ಲಿ ಹೇಳುವಂತೆ ಹೇಳಿದೆ.

ರೌಫ್ ಸಾಹೇಬರು ನನ್ನನ್ನು ಎರಡನೆಯ ಸಲ ಬೈದದ್ದು ಆಗ.

“ನೀವು ಮೇಷ್ಟ್ರು. ನನ್ನ ಮಗಳಿಗೆ ಅಕ್ಷರ ಹೇಳಿಕೊಟ್ಟೋರು. ಆ ಹೆಂಗಸಿನ ಬೆರಳೂ ಹೋಯ್ತು, ಲೈಸೆನ್ಸೂ ಹೋಗ್ತೈತೆ, ಈಗ ತಪ್ಪೂ ಆಕಿ ತಲೆ ಮ್ಯಾಲೆ. ಮೂರೂ ಆಕೀಗೇ ಕಟ್ಟಿ ಕಳ್ಸಾಣ ಅಂತೀರಿ. ಹಿಂಗಾ ನೀವು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದು?”

ಊಟದ ಡಬ್ಬಿಯನ್ನು ಬಿಚ್ಚದೆಯೇ ಎದ್ದು ಹೋದರು.

ಇನ್ಸ್‌ಪೆಕ್ಟರ ಮುಂದೆ ಅವರು ತಪ್ಪೊಪ್ಪಿಕೊಂಡ ರೀತಿಯನ್ನು ನೋಡಿದವರು, ಈ ಮನುಷ್ಯ ಯಾರ ಮೇಲೋ ದೂರು ಕೊಡುತ್ತಿದ್ದಾನೆಂದು ತಿಳಿಯಬೇಕು, ಅಷ್ಟು ಸಿಟ್ಟು. ಮೇಜಿನ ಮೇಲಿದ್ದ ವರದಿಯ ಮೇಲೆ ಬೆರಳಿಟ್ಟು, ಇದು ಸುಳ್ಳು, ಬರೆಸಿದ್ದನ್ನು ಹೊಡೆದುಹಾಕಿ ಎಂದರು.

“ಪೂಜೆ ನನ್ನ ಅಂಗಡೀಲಿ ಆಗಿದ್ದು. ಕುಂಕುಮ ಹಚ್ಚಿದ್ದು ತಪ್ಪಲ್ಲ ಸಾಹೇಬ್ರೆ, ಅದು ನೂರು ವರ್ಷದಿಂದ ಹಚ್ತಾ ಬಂದಿರೋದು. ಹಚ್ಚಿದ ಮ್ಯಾಲೆ ಬಿಚ್ಚಿ ತೊಳ್ದು, ಹತ್ತು ಕೇಪು ಹಾಕಿ ನೋಡ್ಲಿಲ್ಲ. ಅದು ನನ್ನ ತಪ್ಪು. ಬರ್ಕಳ್ರಿ.”

ಯಾರು ಹಚ್ಚಿದ್ದೆಂದು ಇನ್ಸ್‌ಪೆಕ್ಟರು ಕೇಳಿದರು. ಅಂಗಡಿ ನನ್ನದೆಂದರು ಸಾಹೇಬರು. ಮತ್ತೊಮ್ಮೆ ಕೇಳಿದಾಗಲೂ ಅದೇ ಉತ್ತರ. ಉಗ್ರಪ್ಪ ತಲೆ ತಗ್ಗಿಸಿ ತಂತಿ ಒರೆಸುತ್ತಿದ್ದರು. ಹೀಗೆ ಬರೆದರೆ ನಿಮ್ಮ ನವೀಕರಣ ಆಗುವುದಿಲ್ಲವೆಂದು ಇನ್ಸ್‌ಪೆಕ್ಟರು ಎಚ್ಚರಿಸಿದರು. ಅವರಿಗೂ ಮನಸ್ಸಿರಲಿಲ್ಲವೆಂದು ನನಗೆ ಅನ್ನಿಸಿತು. ಸಾಹೇಬರು ಸಹಿ ಹಾಕಿದರು. ಉರ್ದುವಿನಲ್ಲಿ ಒಂದು, ಕನ್ನಡದಲ್ಲಿ ಒಂದು.

ಲೈಸೆನ್ಸಿಗಿಂತ ಅವರಿಗೆ ಕಷ್ಟವಾದದ್ದು ಅದರ ನಂತರದ ಕೆಲಸ. ಗೇಟಿನ ಬಳಿ ಬೈಕು ಹತ್ತುತ್ತಿದ್ದ ಚೇತನ್‌ಕುಮಾರನನ್ನು ತಡೆದು ನಿಲ್ಲಿಸಿದರು. ಬೀದಿಯಲ್ಲಿ ಬೈದಿದ್ದೇನೆ, ಬೀದಿಯಲ್ಲೇ ಕ್ಷಮೆ ಕೇಳುತ್ತೇನೆ, ನಾಳೆ ಹಿರಿಯೂರಿಗೆ ಬರುತ್ತೇನೆ, ಜನರನ್ನು ಸೇರಿಸು ಎಂದರು. ಚೇತನ್‌ಕುಮಾರ ಬೇಡ ಸಾಬ್ರೆ ಎಂದ. ಅವರು ಅವನಿಗೂ ಗದರಿದರು: ಬೇಡವೆನ್ನಲು ನೀನು ಯಾರು? ಮರುದಿನ ಹೋದರು. ಆ ಮೆಟ್ಟಿಲಿನ ಮುಂದೆಯೇ ನಿಂತು, ಈ ಹುಡುಗನ ಕೇಪು ಒಳ್ಳೆಯದೆಂದೂ, ತಾನು ನೋಡದೆ ಬಾಯಿ ಮಾಡಿದೆನೆಂದೂ, ಬೇಸಿಗೆಯ ಡಬ್ಬಿ ಮಾತ್ರ ಕೆಟ್ಟದ್ದೇ ಆಗಿತ್ತೆಂದೂ ಹೇಳಿದರು. ಕೊನೆಯ ಮಾತಿಗೆ ಚೇತನ್‌ಕುಮಾರನೇ ನಕ್ಕುಬಿಟ್ಟ.

ನವೀಕರಣವಾಗುವುದಿಲ್ಲವೆಂಬ ಆದೇಶ ತಿಂಗಳಲ್ಲಿ ಬಂತು. ಒಡೆಯರು ಒಬ್ಬೊಬ್ಬರೇ ಬಂದು ತಮ್ಮ ಬಂದೂಕುಗಳನ್ನು ತೆಗೆದುಕೊಂಡು ಹೋದರು. ಮತ್ತೋಡಿನಿಂದ ಬಂದ ಚಿತ್ತಪ್ಪ, ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದ. ಅದನ್ನೇ ಹೇಳಿದವನು ನಾನೂ ಆದ್ದರಿಂದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಸಾಹೇಬರು ಅವನ ಬಂದೂಕಿಗೆ ಹತ್ತು ಕೇಪು ಹಾಕಿ ತೋರಿಸಿ, ದಾಖಲೆಯ ಪುಸ್ತಕದಲ್ಲಿ ಸಹಿ ತೆಗೆದುಕೊಂಡು ಕಳುಹಿಸಿದರು.

ಹುಚ್ಚಕ್ಕ ಬಂದದ್ದು ಎಲ್ಲ ಬಂದೂಕುಗಳೂ ಹೋದ ಮೇಲೆ, ಒಂದು ಮಧ್ಯಾಹ್ನ. ಅವಳ ಲೈಸೆನ್ಸು ಉಳಿದಿತ್ತು. ಜೊತೆಗೆ ಬಾಲರಾಜು ಇದ್ದ. ಅವನು ಒಳಗೆ ಬರಲಿಲ್ಲ. ಆಕೆ ಬೆಂಚಿನ ಮೇಲೆ ಕೂರಲಿಲ್ಲ. ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಬಟ್ಟೆ ಬಿಚ್ಚಿದ ಕೈಯನ್ನು ಮರೆಮಾಡದೆ ಮಡಿಲಲ್ಲಿಟ್ಟುಕೊಂಡಳು.

“ಸಾಬ್ರೆ, ಅವತ್ತು ನಂಗೂ ಗೊತ್ತಾಯ್ತು. ನಾನೇ ಹಚ್ರಿ ಅಂದಿದ್ದು. ಹೇಳಾಣ ಅಂತಿದ್ದೆ, ನೀನೇ ಹಚ್ಸಿದ್ದು ಅಂದ್ರೆ ನಿನ್ ಮ್ಯಾಲೇ ಕೇಸು ಬೀಳ್ತೈತೆ ಅಂತ ಈ ಬಾಲ ಬಿಡ್ಲಿಲ್ಲ. ನೀವು ಹೇಳಿದ್ರಿ. ಅದಿರ್ಲಿ. ಹಚ್ಚಿದೋರು ಯಾರು?”

ಅಂಗಡಿ ನನ್ನದು ಎಂದು ಸಾಹೇಬರು ಆರಂಭಿಸಿದರು. ಒಳಗಿನ ಬಾಗಿಲ ಪರದೆ ಸರಿಯಿತು. ಕರೀಮುನ್ನೀಸಾ ಬಂದು ಆಕೆಯ ಎದುರಿಗೆ ನೆಲದ ಮೇಲೆ ಕುಳಿತರು. ಕುಂಕುಮದಿಂದಲೇ ಬೆರಳು ಹೋದದ್ದೆಂಬುದನ್ನು ಗಂಡ ತಿಂಗಳುಗಟ್ಟಲೆ ಅವರಿಂದ ಮುಚ್ಚಿಟ್ಟಿದ್ದರು. ಮುಚ್ಚಿಟ್ಟಿದ್ದಾರೆಂದು ಅವರಿಗೂ ತಿಳಿದಿತ್ತು.

“ನಾನೇ ಅಕ್ಕ. ಚೆನ್ನಾಗಿ ಹಚ್ಚು ಅಂದಿದ್ರಲ್ಲ. ಚೆನ್ನಾಗೇ ಹಚ್ಚಿದೆ.”

ಕರೀಮುನ್ನೀಸಾ ಆ ಕೈಯನ್ನು ತೆಗೆದುಕೊಳ್ಳಲು ಹೋದಾಗ ಹುಚ್ಚಕ್ಕ ಹಿಂದಕ್ಕೆ ಎಳೆದುಕೊಂಡಳು.

“ಮುಟ್ಬ್ಯಾಡ. ನಾನು ಹಚ್ಚಿದ್ರೂ ಅಲ್ಲೇ ಹಚ್ತಿದ್ದೆ, ಅಷ್ಟೇ ಹಚ್ತಿದ್ದೆ. ಗೊತ್ತೈತೆ ನಂಗೆ. ಗೊತ್ತಿದ್ರೂ ಸಿಟ್ಟು ಹೋಗಲ್ದು. ಬೆಳಗ್ಗೆ ಎದ್ದು ಕದಿರು ಹಿಡೀತೀನಿ, ಎಳೆ ನಿಲ್ಲಲ್ಲ, ಆವಾಗ ನಿನ್ನೂ ಬೈತೀನಿ, ನಿನ್ ಗಂಡನ್ನೂ ಬೈತೀನಿ.”

“ಬೈರಿ,” ಎಂದರು ರೌಫ್ ಸಾಹೇಬರು. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

“ನೀವು ಹೇಳಿ ಬೈಬೇಕಾ?” ಎಂದಳು ಹುಚ್ಚಕ್ಕ.

ಕರೀಮುನ್ನೀಸಾ ಎದ್ದು ಹೋಗಿ ಚಹಾ ತಂದಿಟ್ಟರು. ಹುಚ್ಚಕ್ಕ ಲೋಟವನ್ನು ಬಲಗೈಯಿಂದ ತೆಗೆದುಕೊಂಡಳು, ಕುಡಿದಳು. ಸಕ್ಕರೆ ಹೆಚ್ಚಾಗಿದೆಯೆಂದು ಬೈದಳು. ಕರೀಮುನ್ನೀಸಾ ನಾಳೆಯಿಂದ ಕಡಿಮೆ ಹಾಕುತ್ತೇನೆಂದರು. ನಾಳೆ ಯಾರು ಬರುತ್ತಾರೆಂದು ಹುಚ್ಚಕ್ಕ ಕೇಳಿದಳು. ಆದರೂ ಎದ್ದು ಹೋಗಲಿಲ್ಲ. ಹೊರಗಿನಿಂದ ಬಾಲರಾಜು ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಕೂಗಿದ. ಸುಮ್ಕಿರೋ ಎಂದು ಗದರಿ, ಆಕೆ ಖಾಲಿ ಲೋಟವನ್ನು ಕರೀಮುನ್ನೀಸಾ ಕಡೆಗೆ ನೂಕಿದಳು.